ನೆನೆಯದ ಮನೆ

ಈಶಪ್ಪನ ಮನೆಯಲ್ಲಿ ಒಂದು ಕೌದಿಯೂ ನೆನೆದಿರಲಿಲ್ಲ. ಅಂದಿನ ಫಜೀತಿಗೆಲ್ಲ ಮೂಲ ಇದೇ.

ಹಿಂದಿನ ದಿನದ ಮಳೆಗೆ ಬೊಮ್ಮನಹಳ್ಳಿಯ ಕಡೆ ಕೆರೆ ಕೋಡಿ ಬಿದ್ದು, ಚಿಕ್ಕಮುನಿಯಮ್ಮನ ವಠಾರದ ಆರೂ ಮನೆಗಳಿಗೆ ಮೊಣಕಾಲುದ್ದ ನೀರು ನುಗ್ಗಿತ್ತು. ಉಳಿದವರ ಅಕ್ಕಿ, ಹಾಸಿಗೆ, ಟಿವಿ ಎಲ್ಲ ಕೆಸರಾಗಿದ್ದವು. ಈಶಪ್ಪ ಮಾತ್ರ ಹೊಳೆದಂಡೆಯ ಊರಿನವನು. ಮೋಡ ಕಪ್ಪಾದರೆ ಸಾಕು, ಸಾಮಾನನ್ನೆಲ್ಲ ಹಗ್ಗ ಕಟ್ಟಿ ಸೂರಿನ ಪೈಪಿಗೆ ತೂಗುಹಾಕಿಬಿಡುತ್ತಿದ್ದ. ಹೆಂಡತಿ ಮಹಾನಂದಾಳ ಹೊಲಿಗೆ ಮಿಷನ್ನೂ ತೊಟ್ಟಿಲ ಕೂಸಿನಂತೆ ಮೇಲೆ ಬೆಚ್ಚಗೆ ನೇತಾಡುತ್ತಿತ್ತು. ಅವನು ದುಡಿಯುವ ಗಾರ್ಮೆಂಟ್ಸಿಗೂ ನೀರು ಹೊಕ್ಕು ಬಾಗಿಲು ಹಾಕಿದ್ದರು. ಅದು ತೆರೆಯುವತನಕ ಮನೆಯ ಒಲೆ ಉರಿಯಬೇಕಾದರೆ ಆ ಮಿಷನ್ನೇ ಗತಿ.

ನೀರಿಳಿದ ಮೇಲೆ ನೆಲ, ಗೋಡೆಯನ್ನೆಲ್ಲ ತೊಳೆದು ಒರೆಸಿ ಈಶಪ್ಪ ದೇವರಿಗೆ ಕೈಮುಗಿಯುವಷ್ಟರಲ್ಲಿ ಮನೆಯೊಡತಿ ಚಿಕ್ಕಮುನಿಯಮ್ಮನೂ ಪಕ್ಕದ ಮನೆಯ ಟೆಂಪೋ ಡ್ರೈವರ್ ಆಂಜಿನಪ್ಪನೂ ಬಾಗಿಲಿಗೆ ಬಂದರು.

"ಅಯ್ಯೋ, ಇದೇನಪ್ಪಾ ನಿನ್ ಮನೆ ಇಂಗೈತೆ!" ಎಂದು ಆಕೆ ಎದೆ ಬಡಿದುಕೊಂಡಳು.

"ಎಲ್ಲಾ ಚಲೋ ಐತ್ರಿ ಅಮ್ಮಾರ."

"ಅದೇ ಕಣಪ್ಪಾ ತೊಂದ್ರೆ! ಮದ್ಯಾನ ನಷ್ಟ ಬರ್ಕೊಳಾಕೆ ಆಪೀಸರಮ್ಮ ಬತ್ತಾವ್ರೆ. ನಿನ್ ಮನೆ ನೋಡಿ, ಈ ವಠಾರಕ್ಕೆ ನೀರೇ ಬಂದಿಲ್ಲ ಅಂತ ಬರ್ಕೊಂಡೋದ್ರೆ? ಆರು ಮನೆ ಪರಿಹಾರಾನೂ ಓಯ್ತದೆ!"

"ಎರಡು ಬಕೆಟ್ ನೀರು ಚೆಲ್ಲು ಗುರು, ಅಷ್ಟೇ" ಎಂದ ಆಂಜಿನಪ್ಪ.

ಈಶಪ್ಪನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಮೂರು ವರ್ಷದ ಹಿಂದೆ ಊರಿನ ಮನೆ ಹೊಳೆಪಾಲಾಗಿ, ಒಂದೇ ಗಂಟಿನೊಡನೆ ಗಂಡಹೆಂಡತಿ ಇಲ್ಲಿ ಬಂದಿಳಿದಾಗ ಅಡ್ವಾನ್ಸ್ ಕೇಳದೆ ಮನೆ ಕೊಟ್ಟವಳು ಈಕೆ. ಬಸ್‌ಸ್ಟ್ಯಾಂಡಿನಿಂದ ಬಿಡಿಗಾಸು ಮುಟ್ಟದೆ ಕರೆತಂದವನು ಆಂಜಿನಪ್ಪ. ಉಂಡ ಮನೆಯ ಜಂತೆ ಎಣಿಸುವ ಬುದ್ಧಿ ಈಶಪ್ಪನದಲ್ಲ.

ಎರಡು ಬಕೆಟ್ ಸುರಿದದ್ದಾಯಿತು. ಚಿಕ್ಕಮುನಿಯಮ್ಮ ಮೂಗು ಮುರಿದಳು. "ಸಾಲ್ದು. ಬರೀ ನೆಲ ಒದ್ದೆಯಾದ್ರೆ ಮನೆ ಒರ್ಸವ್ರೆ ಅಂತಾರೆ."

ಎದುರುಮನೆಯ ಚನ್ನಕ್ಕ ತನ್ನ ತೊಯ್ದ ಹಾಸಿಗೆಯನ್ನೇ ಹೊತ್ತು ತಂದಳು. "ನಮ್ಮನೇಲಿ ಇನ್ನೊಂದೈತೆ, ಇದು ನಿಮಗಿರ್ಲಿ" ಎಂದು ಅರಿಶಿನ ಕುಂಕುಮ ಕೊಡುವವಳಂತೆ ಕೊಟ್ಟಳು. ಈಶಪ್ಪನ ಒಣ ಅಕ್ಕಿ, ಕೌದಿ, ಬಟ್ಟೆಗಳನ್ನು ಆಂಜಿನಪ್ಪನ ಒಳಕೋಣೆಯಲ್ಲಿ ಬಚ್ಚಿಡುವುದೆಂದಾಯಿತು. ಅಲ್ಲಿ ನೆಲವೆಲ್ಲ ಕೆಸರು. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಈಶಪ್ಪ ಎಲ್ಲವನ್ನೂ ಅಲ್ಲಿಯ ಪೈಪಿಗೂ ಅಚ್ಚುಕಟ್ಟಾಗಿ ತೂಗುಹಾಕಿ ಬಂದ.

ಉಳಿದದ್ದು ಮಿಷನ್ನು. ಕೆಳಗಿಳಿಸಿದ್ದೇ ತಡ, ಮಹಾನಂದಾ ಅದನ್ನು ತಬ್ಬಿ ಕೂತಳು. "ನನ್ನ ಮ್ಯಾಲ ಸುರೀರಿ, ಇದರ ಮ್ಯಾಲ ಬ್ಯಾಡ!"

"ದೊಡ್ಡ ಸಾಮಾನೊಂದು ನೆಂದಿದ್ರೇನೇ ಅವ್ರು ನಂಬೋದು. ಐದು ಸಂಸಾರ ಕಣವ್ವಾ" ಎಂದು ಚಿಕ್ಕಮುನಿಯಮ್ಮ ಕಣ್ಣೊರೆಸಿಕೊಂಡಳು.

ಈಶಪ್ಪ ಹೆಂಡತಿಯನ್ನು ಪಕ್ಕಕ್ಕೆ ಸರಿಸಿ, ಕಣ್ಣು ಮುಚ್ಚಿ ಒಂದು ಚೊಂಬು ಸುರಿದ. ಸಹಾಯಕ್ಕೆಂದು ಆಂಜಿನಪ್ಪ ಇಡೀ ಬಕೆಟ್ಟನ್ನೇ ಬಗ್ಗಿಸಿದ.

ಮಧ್ಯಾಹ್ನ ಅಧಿಕಾರಿ ದಿವ್ಯಾ ಬಂದಳು. ತೊಯ್ದ ಮಿಷನ್ ನೋಡಿ "ಛೇ, ಪಾಪ" ಎಂದಳು. "ಆದ್ರೆ ನಮ್ಮ ಫಾರಂನಲ್ಲಿ ಅಕ್ಕಿ, ಬಟ್ಟೆ, ಪಾತ್ರೆಗೆ ಮಾತ್ರ ಕಾಲಂ ಇರೋದು. ದುಡಿಯೋ ಸಾಮಾನಿಗೆ ಇಲ್ಲ. ಕಾಲಂ ಸೇರಿಸಿ ಅಂತ ಮೇಲಿನವ್ರಿಗೆ ಬರ್ದು ಬರ್ದು ನಂಗೂ ಸಾಕಾಗಿದೆ."

ಅಲ್ಲಿಂದ ಆಂಜಿನಪ್ಪನ ಮನೆಗೆ ಹೋದವಳು, ಯಾರೂ ತಡೆಯುವ ಮೊದಲೇ ಒಳಕೋಣೆಗೆ ನುಗ್ಗಿದಳು. ವಠಾರವೆಲ್ಲ ಹೊಸ್ತಿಲಲ್ಲಿ ಗುಂಪುಗೂಡಿತು. ಹೊರಬಂದಾಗ ಅವಳ ಮುಖ ಅರಳಿತ್ತು.

"ಬೆಳಗ್ಗೆಯಿಂದ ಇಂಥದ್ದೊಂದು ಮನೆ ಹುಡುಕ್ತಾ ಇದೀನಿ! ಏನು ಹಾಳಾಯ್ತು ಅಂತ ವರ್ಷಾವರ್ಷ ಬರ್ಕೊಂಡು ಹೋಗ್ತೀವಿ, ಹೇಗೆ ಉಳೀತು ಅಂತ ಯಾರೂ ಕೇಳಲ್ಲ. ಒಂದು ಮಿಷನ್ ಮುಳುಗಿದ್ರೆ ಒಂದು ಸಂಸಾರ ಆರು ತಿಂಗಳು ಹಿಂದಕ್ಕೆ ಬೀಳುತ್ತೆ. ಯೋಜನೆ ಮಾಡೋರು ಮೊದ್ಲು ನೋಡ್ಬೇಕಾಗಿರೋದು ಈ ಹಗ್ಗಗಳನ್ನ! ಕೆರೆ ಪಕ್ಕದ ಬೀದಿಗಳಿಗೆಲ್ಲ ಇದನ್ನ ಕಲಿಸೋಕೆ ಒಬ್ರು ಬೇಕು ಆಂಜಿನಪ್ಪೋರೆ. ಮೂರು ತಿಂಗಳು, ಸಂಬಳ ಇದೆ."

ಈಶಪ್ಪ ಬಾಯಿ ತೆರೆದ. ನಿಜ ಹೇಳಿದರೆ ಬಕೆಟ್ಟಿನ ಕತೆಯೂ ಹೊರಬಿದ್ದು, ಆರು ಮನೆಯವರೂ ಕಳ್ಳರಾಗುತ್ತಾರೆ. ಬಾಯಿ ಮುಚ್ಚಿಕೊಂಡ. ಆಂಜಿನಪ್ಪ ತನ್ನ ಕಾಲಬೆರಳು ನೋಡುತ್ತ ನಿಂತಿದ್ದ.

"ನೀವು ಬೇಜಾರು ಮಾಡ್ಕೋಬೇಡಿ" ಎಂದು ದಿವ್ಯಾ ಈಶಪ್ಪನಿಗೆ ಸಮಾಧಾನ ಹೇಳಿದಳು. "ಸ್ವಲ್ಪ ಮುಂಜಾಗ್ರತೆ ಕಲೀಬೇಕು ಅಷ್ಟೇ. ಇವರ ಮೊದಲನೇ ವಿದ್ಯಾರ್ಥಿ ನೀವೇ. ನಾಳೆ ಹತ್ತು ಗಂಟೆಗೆ ನಾನೂ ಬರ್ತೀನಿ."

ಸಂಜೆ ವಠಾರವೇ ಈಶಪ್ಪನ ಮನೆಯಲ್ಲಿ ನೆರೆಯಿತು. ಚನ್ನಕ್ಕ ಮಿಷನ್ನಿಗೆ ಎಣ್ಣೆ ಬಿಟ್ಟಳು, ಇನ್ನಿಬ್ಬರು ಚಕ್ರ ಒರೆಸಿದರು, ಚಿಕ್ಕಮುನಿಯಮ್ಮ ಬಿಸಿ ಮುದ್ದೆ, ಸಾರು ತಂದಿಟ್ಟಳು. ಮಿಷನ್ನು ಮಾತ್ರ ಕಿರುಗುಟ್ಟಿತೇ ಹೊರತು ತಿರುಗಲಿಲ್ಲ. ಮಹಾನಂದಾ ಗಂಡನೊಡನೆ ಮಾತು ಬಿಟ್ಟಿದ್ದಳು, ಆದರೂ ಮುದ್ದೆಯ ದೊಡ್ಡ ಪಾಲನ್ನು ಅವನ ತಟ್ಟೆಗೇ ಹಾಕಿದಳು. ಈಶಪ್ಪನ ಕಣ್ಣು ತುಂಬಿತು. ಊರಲ್ಲಿ ಹೊಳೆ ಬಂದಾಗ ಇಂಥ ಜನ ಸುತ್ತ ಇರಲಿಲ್ಲ, ಇಲ್ಲಿ ಇದ್ದಾರೆ, ತಾನು ಪುಣ್ಯವಂತ ಎಂದುಕೊಂಡ.

ಎಲ್ಲರೂ ಹೋದ ಮೇಲೆ ಆಂಜಿನಪ್ಪ ಒಂದು ಮಾರು ಹಗ್ಗ ಹಿಡಿದು ಮೆಲ್ಲಗೆ ಒಳಗೆ ಬಂದ.

"ಬೈಬೇಡ ಮಗಾ. ನಾಳೆ ಹತ್ತು ಗಂಟೆಗೆ ನಾನು ನಿಂಗೆ ಪಾಠ ಮಾಡ್ಬೇಕಂತಲ್ಲ... ಏನು ಹೇಳ್ಕೊಡ್ಬೇಕು ಅಂತ ಈಗ್ಲೇ ಸ್ವಲ್ಪ ಹೇಳ್ಕೊಟ್ಬಿಡು."