ಸಾಮಾನ್ಯ ಬಾಹು

ಓದುವಾಗ ಗಣಿತದಲ್ಲಿ ದಡ್ಡನಾಗಿದ್ದೆ ಎಂದು ಮಕ್ಕಳೆದುರು ಒಪ್ಪಿಕೊಂಡ ಅಪ್ಪನನ್ನು ನಾನಿನ್ನೂ ಕಂಡಿಲ್ಲ. ನಾನಂತೂ ಒಪ್ಪಿಕೊಂಡವನಲ್ಲ. ರೇಖಾಗಣಿತವೆಂದರೆ ನನಗೆ ನೀರು ಕುಡಿದಷ್ಟು ಸುಲಭವಾಗಿತ್ತೆಂದು ಮಗಳು ವೀಣಾಳ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೆ. ಮಾಯಕೊಂಡದ ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವರು ಯಾರೂ ನಮ್ಮ ದೇವರಾಜ ಅರಸು ಬಡಾವಣೆಯಲ್ಲಿಲ್ಲ ಎಂಬ ಧೈರ್ಯ.

ದಾವಣಗೆರೆ ಜಿಲ್ಲೆಯಾದ ಹೊಸತು. ಒಂದು ಸಂಜೆ ಹರಿಹರದ ಆಫೀಸಿನಿಂದ ಬಸ್ಸಿನಲ್ಲಿ ನಿಂತೇ ಬಂದು, ಮೆಣಸಿನಕಾಯಿ ಮಂಡಕ್ಕಿ ಮುಂದಿಟ್ಟುಕೊಂಡು ಕೂತಿದ್ದೆ. ವೀಣಾ ನೋಟ್‌ಬುಕ್ ಹಿಡಿದು ಬಂದಳು. ಎರಡು ಬಾಹು ಸಮವಿರುವ ತ್ರಿಭುಜ. ನೆತ್ತಿಯ ಕೋನವನ್ನು ಅರ್ಧ ಮಾಡಿ ಕೆಳಗಿಳಿದ ಒಂದು ಗೆರೆ. ಗೆರೆಯ ಆಚೀಚಿನ ಎರಡು ತ್ರಿಭುಜಗಳೂ ಸರ್ವಸಮವೆಂದು ಸಾಧಿಸಬೇಕು. ಮೇಡಂ ಮೂರನೇ ಹಂತವನ್ನು ಖಾಲಿ ಬಿಟ್ಟು, ಅದರೆದುರು ಕಾರಣ ಮಾತ್ರ ಬರೆಸಿದ್ದರು: ‘ಸಾಮಾನ್ಯ’. ನಾಳೆ ವೀಣಾಳೇ ಬೋರ್ಡಿನ ಮೇಲೆ ಅದನ್ನು ತುಂಬಬೇಕು. ಹಿಂದಿನ ವಾರ ಬೋರ್ಡಿನ ಮುಂದೆ ಬಾಯಿ ಬಿಡದೆ ನಿಂತು, ಅಳುತ್ತ ಮನೆಗೆ ಬಂದಿದ್ದವಳು.

‘ಸಾಮಾನ್ಯ ಅಂತ ಅವ್ರೇ ಬರೆಸ್ಯಾರಲ್ಲವ್ವಾ. ವಿಶೇಷ ಏನಿಲ್ಲ ಅಂತ ಅರ್ಥ. ಬಿಟ್ಟು ಮುಂದಕ್ಕೆ ಹೋಗು’ ಎಂದೆ.

‘ಬಿಡೋ ಹಂಗಿದ್ರೆ ಅದಕ್ಕೆ ನಂಬರ್ ಯಾಕ ಹಾಕಿಸ್ತಿದ್ರು ಅಪ್ಪಾಜಿ?’

ಮಾತು ಸರಿಯೇ. ಪೆನ್ಸಿಲ್ ಇಸಿದುಕೊಂಡು ‘ನೋಡಿದರೆ ಎರಡೂ ಒಂದೇ ಥರ ಇವೆ’ ಎಂದು ಬರೆದೆ. ಅವಳು ರಬ್ಬರ್ ತೆಗೆದುಕೊಂಡಳು.

ಕೊಕ್ಕನೂರಿನಿಂದ ಬಂದಿದ್ದ ನನ್ನ ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಅಳಿಯನೊಂದಿಗೆ ನೇರ ಮಾತಾಡುವವರಲ್ಲ; ನನಗೆ ಹೇಳಬೇಕಾದದ್ದನ್ನೆಲ್ಲ ಮೊಮ್ಮಗಳ ಮೂಲಕವೇ ತಲುಪಿಸುವರು. ಶಾಲೆಯ ಮೆಟ್ಟಿಲು ಹತ್ತಿದವರೂ ಅಲ್ಲ. ಕತ್ತು ಚಾಚಿ ಚಿತ್ರ ನೋಡಿದರು.

‘ವೀಣಾ, ನಡುವಿಂದು ಬದು ಏನೇ?’

‘ಗೆರೆ ಅಜ್ಜಿ.’

‘ಯಾವುದೋ ಒಂದು. ಆ ಹೊಲದೋನಿಗೂ ಅದೇ ಬದು, ಈ ಹೊಲದೋನಿಗೂ ಅದೇ ಬದು. ಉದ್ದ ಬ್ಯಾರೆ ಹೆಂಗಾಗತೈತೆ? ಅಷ್ಟು ಬರಿ ಅಂತ ನಿಮ್ಮಪ್ಪಾಜಿಗೆ ಹೇಳು.’

ಸಾಮಾನ್ಯವೆಂದರೆ ಎರಡಕ್ಕೂ ಸೇರಿದ್ದು ಎಂದು ನನಗೆ ಹೊಳೆದದ್ದು ಆಗ. ನಾಚಿಕೆಯಾಯಿತು. ಮಂಡಕ್ಕಿ ಮಾತ್ರ ಬಿಡಲಿಲ್ಲ.

ಮರುದಿನ ವೀಣಾ ನಗುತ್ತ ಬಂದಳು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತಂತೆ. ಹೇಳಿಕೊಟ್ಟವರು ಕೊಕ್ಕನೂರಿನ ಅಜ್ಜಿ ಎಂದು ಇವಳು ಹೆಮ್ಮೆಯಿಂದ ಹೇಳಿದಳಂತೆ.

‘ನನ್ನ ಸುದ್ದಿ ಬರಲಿಲ್ವಾ?’ ಎಂದೆ.

‘ಬಂತು. ನಿಮ್ಮಪ್ಪಾಜಿ ಗಣಿತದಾಗೆ ಹೆಂಗೆ ಅಂದ್ರು ಮೇಡಂ. ಸಾಮಾನ್ಯ ಅಂದೆ.’

ಮೇಡಂ ಅರ್ಥದಲ್ಲೋ, ನನ್ನ ಅರ್ಥದಲ್ಲೋ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.