ರಾಣಿ ಒರೆಸಿದ ಸುಣ್ಣ

ಮನೆಯ ಸಾಮಾನೊಂದನ್ನು ಮ್ಯೂಸಿಯಂಗೆ ಕೊಟ್ಟು ನೋಡಿರಿ, ಆಮೇಲೆ ಇಂಥ ಪ್ರಸಂಗಗಳು ತಾವೇ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ.

ಬೈಲಹೊಂಗಲದ ಪ್ಯಾಟಿಯಲ್ಲಿ ನನ್ನದು ಪಾತ್ರೆ ಅಂಗಡಿ. ಉಪಯೋಗವಿಲ್ಲದ ಮಾಲು ಜಾಗ ತಿನ್ನಬಾರದು ಅನ್ನುವವ ನಾನು. ಹೆಂಡತಿ ತೀರಿಕೊಂಡ ಮೇಲೆ ಅವಳು ಕೂಡುತ್ತಿದ್ದ ಸಾಗವಾನಿ ತೂಗುಮಂಚ ಪಡಸಾಲೆಯಲ್ಲಿ ಸುಮ್ಮನೆ ತೂಗುಬಿದ್ದಿತ್ತು. ನಮ್ಮ ಕಡೆಯ ಹಳೇ ಅರಮನೆಯೊಂದನ್ನು ಮ್ಯೂಸಿಯಂ ಮಾಡಿದವರು ಹಳೇ ಸಾಮಾನು ಕೇಳಿಕೊಂಡು ಬಂದರು. ಕೊಟ್ಟುಬಿಟ್ಟೆ. ಪಡಸಾಲೆ ಖುಲ್ಲಾ ಆಯಿತು. ಅಷ್ಟೊಂದು ಖುಲ್ಲಾ ಆಗುತ್ತದೆ ಎಂದು ತಿಳಿದಿರಲಿಲ್ಲ.

ರಾಜ್ಯದ ವಿಚಾರ

ಅಂಗಡಿ ರಜೆಯ ದಿನ ನೋಡಲು ಹೋದೆ. ಇದೇ ಮಂಚದ ಮೇಲೆ ಕುಂತು ರಾಣಿಸಾಹೇಬರು ರಾಜ್ಯದ ವಿಚಾರ ಮಾಡುತ್ತಿದ್ದರು ಎಂದು ಗೈಡ್ ಸಾಲಿ ಮಕ್ಕಳಿಗೆ ಹೇಳುತ್ತಿದ್ದ. ಮಕ್ಕಳು ಮುಂದೆ ಹೋದ ಮೇಲೆ ಅವನನ್ನು ಹಿಡಿದೆ. ಇಲ್ಲಿ ಕೂಡುತ್ತಿದ್ದವಳು ನನ್ನ ಹೆಂಡತಿ, ಮಾಡುತ್ತಿದ್ದದ್ದು ಬದನೆಕಾಯಿ ಎಣಗಾಯಿಯ ವಿಚಾರ ಎಂದೆ.

"ಮನ್ಯಾಗ ಯಾರ ಮಾತು ನಡೀತಿತ್ರಿ?"

"ಆಕೀದ."

"ಮತ್ತ ನಾ ಏನ್ ತಪ್ಪು ಹೇಳೀನ್ರಿ, ಸಾವ್ಕಾರ್ರ?"

ವಾಪಸ್ ಇಲ್ಲ

ಇನ್ನೊಂದು ವಾರ ಯಾರೂ ಇಲ್ಲದ್ದು ನೋಡಿ ಮಂಚದ ಸುತ್ತ ಕಟ್ಟಿದ್ದ ಹಗ್ಗ ದಾಟಿದೆ. ಕೂಡಬೇಕು ಅನ್ನುವಷ್ಟರಲ್ಲಿ ನಮ್ಮ ಅಂಗಡಿಯ ಗಿರಾಕಿಯೇ ಆದ ಕಾವಲುಗಾರ ಬಂದು ರಟ್ಟೆ ಹಿಡಿದ. ಇದು ನಮ್ಮ ಮನೆಯದು ಎಂದೆ. ಇಲ್ಲಿಗೆ ಬಂದವರೆಲ್ಲ ಹಾಗೇ ಅನ್ನುತ್ತಾರಂತೆ, ಒಬ್ಬನಿಗೆ ಖಡ್ಗ ಅಜ್ಜಂದು, ಇನ್ನೊಬ್ಬನಿಗೆ ಪಲ್ಲಕ್ಕಿ ಮುತ್ತಜ್ಜಂದು. ಒಂದು ಗಳಿಗೆ ಕುಂತು ಏಳತೇನಿ ಎಂದು ಅಂಗಲಾಚಿದೆ.

"ಕೊಟ್ಟ ಮಾಲು ವಾಪಸ್ ಇಲ್ಲಂತ ನಿಮ್ಮ ಅಂಗಡ್ಯಾಗ ಬೋರ್ಡ್ ಹಾಕೀರಲ್ರಿ," ಅಂದ. "ಇಲ್ಲೂ ಅದ ಕಾಯ್ದೆ."

ಅಂಚಿನ ಕಲೆ

ಹೆಂಡತಿಗೆ ಎಲೆಅಡಿಕೆಯ ಚಟ. ಎಲೆಗೆ ಹಚ್ಚಿ ಬೆರಳಲ್ಲಿ ಉಳಿದ ಸುಣ್ಣವನ್ನು ಮಂಚದ ಅಂಚಿಗೇ ಒರೆಸುತ್ತಿದ್ದಳು. ಒಳ್ಳೇ ಸಾಗವಾನಿ ಕೆಡುತ್ತದೆ ಎಂದು ಸಂಸಾರದುದ್ದಕ್ಕೂ ಬೈದೆ. ಅವಳದು ಒಂದೇ ಉತ್ತರ: "ನಿಮ್ಮ ಮಂಚ ಏನ್ ಅರಮನಿಗೆ ಹೊಂಟೈತೇನ್ರಿ?"

ಹೋಯಿತಲ್ಲ. ಈಗ ಅವಳಿಗೆ ಯಾರು ಹೇಳಬೇಕು?

ರಾಜ ಏನು ಮಾಡಿದ

ಹೋದ ತಿಂಗಳು ನಾನು ಹೋದಾಗ ಬಡಿಗನೊಬ್ಬ ಉಸುಕಿನ ಕಾಗದ ಹಿಡಿದು ಅದೇ ಅಂಚಿನ ಮುಂದೆ ಕುಂತಿದ್ದ. ಕಲೆ ಉಜ್ಜಿ ಪಾಲಿಶ್ ಹೊಡೆಯಬೇಕೆಂದು ಮ್ಯೂಸಿಯಂ ಮೇಡಂ ಹೇಳಿದ್ದರಂತೆ. ಹಗ್ಗ ದಾಟಿ ಕಲೆಯ ಮೇಲೆ ಕೈಯಿಟ್ಟು ನಿಂತುಬಿಟ್ಟೆ. ಗದ್ದಲ ಕೇಳಿ ಮೇಡಂ ಬಂದರು.

"ಇದನ್ನ ತೆಗೀಬ್ಯಾಡ್ರಿ, ಮೇಡಂ," ಎಂದೆ. "ಆಕೀ ಬೆರಳಿನ ಗುರುತು ಮತ್ತೆಲ್ಲೂ ಇಲ್ಲ."

ಅವರು ಬಗ್ಗಿ ಕಲೆಯನ್ನು ನೋಡಿದರು. ಹೊಲಸು ಯಾಕೆ ಬಿಟ್ಟಿದ್ದೀರಿ ಎಂದು ಬಂದವರು ಕೇಳಿದರೆ ಏನು ಹೇಳುವುದು ಎಂದರು. ನಾನು ಕೈ ತೆಗೆಯಲಿಲ್ಲ. ಗೈಡ್ ನಡುವೆ ಬಂದು, ಅದನ್ನು ತನಗೆ ಬಿಡಿ ಎಂದ. ಮೇಡಂ ಬಡಿಗನನ್ನು ಪಲ್ಲಕ್ಕಿಯ ಕಡೆ ಕಳಿಸಿದರು.

ಮರುವಾರ ಸವದತ್ತಿ ಕಡೆಯಿಂದ ಹೆಣ್ಣುಮಕ್ಕಳು ಬಂದಿದ್ದರು. ನಾನು ಕಂಬದ ಹತ್ತಿರ ನಿಂತಿದ್ದೆ. ರಾಣಿ ಎಲೆ ಹಾಕಿಕೊಂಡು ಸುಣ್ಣದ ಬೆರಳನ್ನು ಇಲ್ಲೇ ಒರೆಸುತ್ತಿದ್ದಳು, ರಾಜ ದಿನಾ ಬೈಯುತ್ತಿದ್ದ, ರಾಣಿ ಕೇಳುತ್ತಿರಲಿಲ್ಲ ಎಂದು ಗೈಡ್ ಹೇಳಿದ.

ಅವರಲ್ಲಿ ಹಿರಿಯಾಕೆ ಕೇಳಿದಳು: "ಮುಂದ ರಾಜ ಏನ್ ಮಾಡಿದ್ನೋ, ತಮ್ಮಾ?"

ಗೈಡ್ ನನ್ನ ಕಡೆ ನೋಡಿದ.

"ವಾರಕ್ಕೊಮ್ಮೆ ಟಿಕೇಟ್ ತಗೊಂಡು ನೋಡಾಕ ಬರ್ತಾನ್ರಿ, ಅವ್ವಾರ."