ನೇರಳೆ ಕೊಂಡಿಯ ಏಡಿ

ಬೆಳಿಗ್ಗೆ ಎಂಟಕ್ಕೆ ಗಾಜಿನ ತೊಟ್ಟಿಯ ಮುಚ್ಚಳ ತೆಗೆದ ಏಡಿಯಮ್ಮ ಅದನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು. ಹೆಬ್ಬೆರಳ ಉಗುರಿನಷ್ಟಿದ್ದ ನೇರಳೆ ಕೊಂಡಿಯ ಏಡಿ ಎಲೆಯ ಮೇಲೆ ಅಂಗಾತ ಬಿದ್ದಿತ್ತು. ಊದಿದರೆ ಕಾಲುಗಳು ಒಣಹುಲ್ಲಿನಂತೆ ಅಲುಗಿದವು, ಅಷ್ಟೆ.

ಆ ಜಾತಿಯಲ್ಲಿ ಮನುಷ್ಯರ ಕಣ್ಣಿಗೆ ಬಿದ್ದು ಉಳಿದದ್ದು ಅದೊಂದೇ. ಅದನ್ನು ನೋಡಿಕೊಳ್ಳಲು ಸಂರಕ್ಷಣಾ ಕೇಂದ್ರ ಅವಳನ್ನು ಹಂಗಾಮಿಯಾಗಿ ಇಟ್ಟುಕೊಂಡು ನಾಲ್ಕು ತಿಂಗಳಾಗಿತ್ತು. ಏಡಿಯಮ್ಮ ಎಂಬ ಹೆಸರು ಅಂಟಿದ್ದೂ ಹಾಗೆಯೇ. ಇವತ್ತು ಹನ್ನೊಂದಕ್ಕೆ ನಿರ್ದೇಶಕರು ಬಂದು, ಏಡಿಯನ್ನು ಕಣ್ಣಾರೆ ನೋಡಿ, ಅವಳ ಕೆಲಸ ಕಾಯಂ ಮಾಡುವವರಿದ್ದರು.

"ಹೋಯ್ತು. ನನ್ನ ಕೈಯಾರೆ ಒಂದು ವಂಶಾನೇ ಹೋಯ್ತು."

ಉಗ್ರಾಣದವನು ಬಂದು ಇಣುಕಿದ. "ಅಳಬೇಡಮ್ಮ. ಹಿತ್ತಲ ಮೋರೀಲಿ ಇಂಥವು ಬೇಕಾದಷ್ಟಿವೆ. ಸಾಹೇಬ್ರೇನು ಅದರ ಜಾತಕ ಕೇಳ್ತಾರಾ?"

"ಮೋರೀದು ಕಂದು ಬಣ್ಣ ಕಣಣ್ಣ."

"ಬಣ್ಣ ನನಗೆ ಬಿಡು," ಎಂದು ಅವನ ಹಿಂದೆಯೇ ಬಂದಿದ್ದ ಟೈಪಿಸ್ಟ್ ಕೈಚೀಲದಿಂದ ನೇರಳೆ ನೇಲ್ ಪಾಲಿಶ್ ತೆಗೆದಳು.

ಬೇಡವೆನ್ನಲು ಏಡಿಯಮ್ಮ ಬಾಯಿ ತೆರೆದಳು. ಉಗ್ರಾಣದವನು ಆಗಲೇ ಮೋರಿಯತ್ತ ಓಡಿದ್ದ. ಮೋರಿಯ ಏಡಿ ಟೈಪಿಸ್ಟಿನ ಬೆರಳನ್ನು ಎರಡು ಸಲ ಕಚ್ಚಿ, ಆಮೇಲೆ ಮದುಮಗಳಂತೆ ತೆಪ್ಪಗೆ ಬಣ್ಣ ಹಚ್ಚಿಸಿಕೊಂಡು, ತೊಟ್ಟಿಗೆ ಇಳಿದದ್ದೇ ಮಣ್ಣು ಕೆದಕಿ ಒಳಗೆ ಹೋಯಿತು. ಹೆಣವನ್ನು ಬೆಂಕಿಪೊಟ್ಟಣದಲ್ಲಿಟ್ಟು ಏಡಿಯಮ್ಮ ಮುಷ್ಟಿಯಲ್ಲಿ ಹಿಡಿದು ನಿಂತಳು. ಬಾಗಿಲು ಕಿರ್ರೆಂದಾಗಲೆಲ್ಲ ತಿರುಗಿ ನೋಡುತ್ತಿದ್ದಳು.

ನಿರ್ದೇಶಕರು ಹತ್ತೂವರೆಗೇ ಬಂದರು. "ಕೈಯಲ್ಲೇನಮ್ಮ?"

ಪೊಟ್ಟಣ ಇಸಿದುಕೊಂಡು ತೆರೆದವರು ಕನ್ನಡಕ ಸರಿಮಾಡಿಕೊಂಡರು. "ಎಷ್ಟು ಜೋಪಾನವಾಗಿ ತೆಗೆದಿಟ್ಟಿದೀಯ. ಒಂದು ಕಾಲೂ ಮುರಿದಿಲ್ಲ."

"ಸರ್, ಅದು ಸತ್ತು..."

"ಸತ್ತಿಲ್ಲ ತಾಯಿ, ಇದು ಬರೀ ಪೊರೆ. ಹಾವು ಬಿಡಲ್ವಾ, ಹಾಗೆ. ಏಡಿ ಬೆಳೀತು, ಹಳೇ ಚಿಪ್ಪು ಹಿಡಿಸಲಿಲ್ಲ, ಕಳಚಿ ಬಂತು. ಈಗ ಮೈ ಬೆಣ್ಣೆ ಹಾಗಿರುತ್ತೆ. ಗಟ್ಟಿಯಾಗೋವರೆಗೂ ಮಣ್ಣಲ್ಲಿ ಅಡಗಿಕೊಂಡಿರುತ್ತೆ."

ನಾಲ್ಕು ತಿಂಗಳಲ್ಲಿ ಮೊದಲ ಸಲ ಏಡಿಯಮ್ಮ ಪೂರ್ತಿ ಉಸಿರು ಬಿಟ್ಟಳು. ನಿರ್ದೇಶಕರು ಕಾಯಂ ಆದೇಶವನ್ನು ಮೇಜಿನ ಮೇಲೆ ಹರಡಿ ಪೆನ್ನಿನ ಟೋಪಿ ತೆಗೆದರು.

"ಒಂದೇ ಎಚ್ಚರಿಕೆ. ಇನ್ನೊಂದು ಏಡಿ ಹತ್ತಿರ ಸುಳೀಬಾರದು. ಮೆತ್ತಗಿರೋದು ಸಿಕ್ಕರೆ ಹರಿದು ತಿಂದುಬಿಡುತ್ತೆ. ಸದ್ಯ, ಇಲ್ಲಿ ಇದೊಂದೇ ಇರೋದು."

ಉಗ್ರಾಣದವನು ಗೋಡೆಯನ್ನು ಓದತೊಡಗಿದ. ಟೈಪಿಸ್ಟ್ ಬೆರಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ತೊಟ್ಟಿಯಲ್ಲಿ ಮಣ್ಣು ಅಲುಗಿತು. ಮಿರಮಿರನೆ ಹೊಳೆಯುವ ನೇರಳೆ ಕೊಂಡಿಯೊಂದು ಮೇಲೆ ಬಂತು. ಅದರ ತುದಿಯಲ್ಲಿ ಬಿಳಿಚಿದ, ಮೆತ್ತನೆಯ ಚೂರೊಂದಿತ್ತು.

ನಿರ್ದೇಶಕರು ಗಾಜಿನ ಹತ್ತಿರ ಬಗ್ಗಿದರು. "ಪೊರೆ ಬಿಟ್ಟ ದಿನ ಇದು ಏನೂ ತಿನ್ನಲ್ವಲ್ಲ."

ಅವರು ನಿಧಾನವಾಗಿ ಪೆನ್ನಿಗೆ ಟೋಪಿ ಹಾಕಿದರು.